ಬೋಳು ಬಂದ ಪಟ್ಟಿಗಳು

ಪಟ್ಟಿ ಕಿತ್ತು ಬಂದ ಸದ್ದು ಸುನಂದಮ್ಮನಿಗೆ ತನ್ನ ಮೇಜಿನ ಹತ್ತಿರ ನಿಂತಿದ್ದಾಗಲೇ ಕೇಳಿಸಿತು. ಹದಿನಾಲ್ಕು ವರ್ಷದಿಂದ ಕೇಳಿದ ಸದ್ದು. ಚೆನ್ನಾಗಿ ಹಿಡಿದ ಅಂಟು ಬಿಡುವಾಗ ಒಣಗಿದ ಸೌದೆ ಮುರಿದಂತೆ ದಪ್ಪ ಸದ್ದು ಬರುತ್ತದೆ. ಹಿಡಿಯದೇ ಇದ್ದದ್ದು ಬಿಡುವಾಗ ಬರೀ ಟಿಕ್ ಅನ್ನುತ್ತದೆ, ಯಾರೋ ಬೇಜಾರಿಗೆ ಲೊಚಗುಟ್ಟಿದ ಹಾಗೆ. ಈಗ ಬಂದದ್ದು ಟಿಕ್. ಅದಾದ ಮೇಲೆ ಪಟ್ಟಿ ಎಳೆಯುವ ಮೆಷೀನಿನ ಗುರುಸ್ವಾಮಿ ಏನೂ ಕೂಗಿ ಹೇಳಲಿಲ್ಲ. ಮಿರ್ಲೆ ಕಡೆಯ ಆ ಮನುಷ್ಯ, ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು ಗೇಟಿನ ಒಳಗೆ ಬಂದಾಗಿನಿಂದ ಸಂಜೆ ಬಸ್ಸು ಹತ್ತುವ ತನಕ ಮಾತಾಡುವವನು, ಬಾಯಿ ಮುಚ್ಚಿಕೊಂಡ ಅಂದರೆ ಬೇರೆ ಏನೂ ಕೇಳಬೇಕಾಗಿಲ್ಲ.

ಆದರೂ ಸುನಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲಿಗೆ ಹೋದಳು.

"ಬೋಳಾ?"

"ಬೋಳು ಕಣಕ್ಕ," ಅಂದ ಗುರುಸ್ವಾಮಿ, ಪಟ್ಟಿಯನ್ನು ಅವಳ ಕೈಗೆ ಕೊಡದೆ. "ಐದಕ್ಕೆ ಐದೂ."

ಹುಣಸೂರಿನ ಹೊರಗಿದ್ದ ಆ ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ಲಿಫ್ಟಿನ ಬಾಗಿಲು. ಊರಿನಲ್ಲಿ ಲಿಫ್ಟು ಹತ್ತುವಷ್ಟು ಎತ್ತರದ ಕಟ್ಟಡ ಹುಡುಕಿದರೆ ಸಿಗುವುದು ಕಷ್ಟ, ಬಾಗಿಲು ಮಾತ್ರ ದಿನಕ್ಕೆ ನಲವತ್ತು. ತೆಳು ಉಕ್ಕಿನ ತಗಡಿನ ಬೆನ್ನಿಗೆ ಗಟ್ಟಿ ಪಟ್ಟಿಗಳನ್ನು ಬೆಸುಗೆ ಹಾಕದೆ, ಮೊಳೆ ಹೊಡೆಯದೆ, ಅಂಟಿನಿಂದಲೇ ಕೂರಿಸುತ್ತಾರೆ. ಮುಂಭಾಗ ಕನ್ನಡಿಯ ಹಾಗೆ ನುಣುಪಾಗಿ ಉಳಿಯಲಿ ಅಂತ. ಅಂಟು ಹಿಡಿಯಬೇಕಾದರೆ ಮೊದಲು ತಗಡನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ತೊಳೆದು, ಕೊನೆಗೆ ಒಣಬಟ್ಟೆಯಲ್ಲಿ ಒರೆಸಬೇಕು. ಆ ಉಜ್ಜುವುದು, ತೊಳೆಯುವುದು, ಒರೆಸುವುದು ಸುನಂದಮ್ಮನ ಕೆಲಸ. ಪ್ರತಿ ಸರದಿಯ ಬಾಗಿಲುಗಳ ಜೊತೆಗೆ ಅದೇ ತಗಡಿನಿಂದ ಪರೀಕ್ಷೆಗೆಂದು ಕತ್ತರಿಸಿದ ಪುಟ್ಟ ಪಟ್ಟಿ ತುಂಡುಗಳನ್ನೂ ಅದೇ ಕೈಯಲ್ಲಿ ಒರೆಸಿ, ಎರಡೆರಡನ್ನು ತುದಿಗೆ ತುದಿ ಒಂದು ಬೆರಳಿನಷ್ಟು ಮೇಲೆಮೇಲಿಟ್ಟು ಅಂಟಿಸಿ, ಅದೇ ಒಲೆಯಲ್ಲಿ ಬೇಯಿಸಿ, ಗುರುಸ್ವಾಮಿಯ ಮೆಷೀನಿಗೆ ಕೊಡುತ್ತಾರೆ. ಮೆಷೀನು ಎರಡೂ ತುದಿ ಹಿಡಿದು ಕಿತ್ತು ಬರುವ ತನಕ ಎಳೆಯುತ್ತದೆ.

ಎಷ್ಟು ಬಲಕ್ಕೆ ಕಿತ್ತು ಬಂತು ಅನ್ನುವುದನ್ನು ಮೆಷೀನು ಹೇಳುತ್ತದೆ. ಹೇಗೆ ಕಿತ್ತು ಬಂತು ಅನ್ನುವುದನ್ನು ಕಣ್ಣು ನೋಡಿ ಹೇಳಬೇಕು. ಅಂಟು ತನ್ನೊಳಗೇ ಹರಿದು ಎರಡೂ ತುಂಡಿನ ಮೇಲೆ ಉಳಿದಿದ್ದರೆ ಅದು ಒಳ್ಳೆಯ ಸಾವು, ಲೋಹವನ್ನು ಬಿಟ್ಟುಕೊಡದೆ ಸತ್ತಿತು ಅಂತ ಅರ್ಥ. ಅದಕ್ಕೆ ಇಲ್ಲಿಯವರು ಪಾಲು ಅನ್ನುತ್ತಾರೆ. ಇಡೀ ಅಂಟು ಒಂದೇ ಕಡೆ ಹೋಗಿ ಇನ್ನೊಂದು ತುಂಡು ಹೊಳೆಹೊಳೆಯುತ್ತ ಬರಿಮೈಯಾಗಿ ನಿಂತರೆ ಅದು ಬೋಳು. ರಿಪೋರ್ಟಿನಲ್ಲಿ ಎರಡಕ್ಕೂ ಉದ್ದದ ಇಂಗ್ಲಿಷ್ ಹೆಸರುಗಳಿದ್ದವು. ಪಾಲು, ಬೋಳು ಅನ್ನುವ ಹೆಸರುಗಳನ್ನು ಇಟ್ಟವನು ಗುರುಸ್ವಾಮಿಯೇ. "ಮನೇಲಿ ಪಾಲಾದ್ರೆ ಕೆಡುಕು, ಇಲ್ಲಿ ಪಾಲಾದ್ರೆ ಒಳ್ಳೇದು," ಅಂತ ಹೊಸದಾಗಿ ಸೇರಿದವರಿಗೆಲ್ಲ ಹೇಳಿ ತಾನೇ ನಗುತ್ತಿದ್ದ.

ಪಾಲು ಬಂದು ಬಲ ಕಮ್ಮಿ ಬಂದರೆ ಅಂಟಿನದು ತಪ್ಪು. ಬೋಳು ಬಂದರೆ ತಗಡು ಒರೆಸಿದವರದು. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ.

ಎರಡು ವಾರದಿಂದ ಬೋಳು ಬರುತ್ತಿತ್ತು. ಮೊದಲು ಐದರಲ್ಲಿ ಒಂದು, ಆಮೇಲೆ ಮೂರು, ಈಗ ಬುಧವಾರ ಐದೂ. ನೂರಾರು ಬಾಗಿಲು ಪ್ಲಾಸ್ಟಿಕ್ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದವು, ಆಸ್ಪತ್ರೆಯ ಹೊರಗೆ ಸರದಿ ಕಾಯುವವರ ಹಾಗೆ. ಎಂಟು ತಿಂಗಳ ಹಿಂದೆ ಕ್ವಾಲಿಟಿ ನೋಡಿಕೊಳ್ಳಲು ಬಂದಿದ್ದ ಮಹೇಂದ್ರ ಸೋಮವಾರವೇ ಅವಳನ್ನು ಕರೆದು, ಕೂರಿಸಿ, ಒರಟಾಗೇನೂ ಅಲ್ಲ, ಮೆತ್ತಗೇ ಹೇಳಿದ್ದ.

"ಶನಿವಾರದವರೆಗೆ ನೋಡೋಣ ಅಮ್ಮ. ಶನಿವಾರಾನೂ ಬೋಳು ಬಂದರೆ ತಗಡು ಮೈಸೂರಿಗೆ ಕಳಿಸ್ತೀವಿ. ಅಲ್ಲಿ ಮೆಷೀನಿನಲ್ಲಿ ಮರಳು ಹೊಡೆದು ಕ್ಲೀನ್ ಮಾಡಿ ಕೊಡ್ತಾರೆ. ಆಗ ಈ ಮೇಜು ಇರಲ್ಲ."

"ನಾನು?"

"ಪ್ಯಾಕಿಂಗಿಗೆ ಹಾಕೋಣ ಅಂದ್ರೆ ಅದು ಕಂಟ್ರಾಕ್ಟಿನವರದು, ನಿಮಗೇ ಗೊತ್ತಲ್ಲ." ಅವನು ಅಷ್ಟು ಹೇಳಿ ಕಂಪ್ಯೂಟರಿನ ಕಡೆ ತಿರುಗಿಕೊಂಡಿದ್ದ.

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮೇಜು ಹೋದರೆ ಅವಳೂ ಹೋದ ಹಾಗೆ. ಅಳು ಬರಬೇಕಿತ್ತು, ಬರಲಿಲ್ಲ. ಆಷಾಢದ ಆ ದಿನಗಳಲ್ಲಿ ಅವಳಿಗೆ ಅಳುವಷ್ಟು ಬಿಡುವೂ ಇರಲಿಲ್ಲ.

ಪಿರಿಯಾಪಟ್ಟಣದ ಕಡೆ ಅವಳ ಊರು. ಅಲ್ಲಿ ಹೊಗೆಸೊಪ್ಪಿನ ಕಾಲ. ಗಂಡ ಪುಟ್ಟಸ್ವಾಮಿ ಸೊಪ್ಪು ಒಣಗಿಸುವ ಬ್ಯಾರನ್ನಿನ ಬೆಂಕಿ ಕಾಯುತ್ತ ವಾರಗಟ್ಟಲೆ ಸರಿಯಾಗಿ ಮಲಗಿರಲಿಲ್ಲ. ಸುನಂದಮ್ಮ ಐದಕ್ಕೆ ಎದ್ದು, ಸೊಸೆ ಪವಿತ್ರಳ ಜೊತೆ ಕೂತು, ಹಿಂದಿನ ದಿನ ಮುರಿದ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ, ಏಳೂಕಾಲಿನ ಬಸ್ಸು ಹಿಡಿಯುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೆ ಕಂಬಿಗೆ ತಲೆ ಆನಿಸಿ ಹುಣಸೂರು ಬರುವ ತನಕ ನಿದ್ದೆ. ಸಿಗದಿದ್ದರೆ ನಿಂತೇ ನಿದ್ದೆ.

ಹಸಿ ಸೊಪ್ಪು ಕಟ್ಟಿದವರ ಕೈಗೆ ಒಂದು ಜಿಗಟು ಹತ್ತುತ್ತದೆ. ಮೊದಲು ಹಸಿರು, ಆಮೇಲೆ ಟಾರಿನ ಹಾಗೆ ಕಪ್ಪು. ಸೋಪಿಗೆ ಹೋಗುವುದಿಲ್ಲ. ಹುಣಸೆಹುಳಿ ಹಾಕಿ ಉಜ್ಜಬೇಕು, ಆಮೇಲೆ ಬೂದಿ, ಆಮೇಲೆ ಮತ್ತೆ ಹುಳಿ. ಬೋಳು ಬರಲು ಶುರುವಾದ ದಿನ ಸುನಂದಮ್ಮ ಮೊದಲು ನೋಡಿಕೊಂಡದ್ದು ತನ್ನ ಕೈಗಳನ್ನೇ. ಪ್ರತಿ ವರ್ಷವೂ ಸೊಪ್ಪು ಕಟ್ಟಿಯೇ ಕೆಲಸಕ್ಕೆ ಬಂದಿದ್ದಳು, ಪ್ರತಿ ವರ್ಷವೂ ಪಾಲೇ ಬಂದಿತ್ತು, ನಿಜ. ಆದರೆ ವಯಸ್ಸಾದ ಕೈ. ಗೆರೆಗಳು ಆಳವಾಗಿವೆ. ಯಾವ ಬಿರುಕಿನಲ್ಲಿ ಎಷ್ಟು ಜಿಗಟು ಕೂತಿದೆಯೋ ಯಾರಿಗೆ ಗೊತ್ತು.

ಮಂಗಳವಾರ ಬೆಳಿಗ್ಗೆಯಿಂದಲೇ ಸೊಪ್ಪು ಮುಟ್ಟುವುದನ್ನು ಬಿಟ್ಟಿದ್ದಳು. "ಕೈ ಸರಿ ಇಲ್ಲ ಕಣವ್ವ" ಅಂತಷ್ಟೇ ಪವಿತ್ರಳಿಗೆ ಹೇಳಿದಳು. ಪವಿತ್ರ ಮರುಮಾತಾಡದೆ ಅತ್ತೆಯ ಪಾಲಿನ ಕಡ್ಡಿಗಳನ್ನೂ ತನ್ನ ಮುಂದಕ್ಕೆ ಎಳೆದುಕೊಂಡಳು. ಸುನಂದಮ್ಮ ಕಾರ್ಖಾನೆಯಲ್ಲಿ ಎರಡೆರಡು ಗ್ಲೌಸು ಹಾಕಿಕೊಂಡಳು. ಒಂದು ಸಲ ಒರೆಸುವ ಕಡೆ ಮೂರು ಸಲ ಒರೆಸಿದಳು. ಭುಜ ಹಿಡಿದುಕೊಂಡಿತು.

ಗುರುವಾರ ಬಂದದ್ದೂ ಐದಕ್ಕೆ ಐದು ಬೋಳು. ಮೂರು ಸಲ ಒರೆಸಿದ್ದಕ್ಕೋ ಏನೋ, ಬಲ ಇನ್ನೂ ಕೆಳಗಿಳಿದಿತ್ತು. ಮೆಷೀನಿನಲ್ಲಿ ಹದಿನೆಂಟು ಬರಬೇಕಾದ ಕಡೆ ಏಳು.

ಊಟದ ಹೊತ್ತಿಗೆ ಗುರುಸ್ವಾಮಿ ತನ್ನ ಡಬ್ಬಿ ಎತ್ತಿಕೊಂಡು ಅವಳ ಎದುರು ಬಂದು ಕೂತ. ಮುದ್ದೆ ಮುರಿಯುತ್ತ ದನಿ ಇಳಿಸಿ ಹೇಳಿದ.

"ಅಕ್ಕ, ಒಂದ್ ಮಾತು. ಬಲ ಮೆಷೀನು ಬರೀತದೆ, ಅದನ್ನ ನಾನು ಮುಟ್ಟೋಕಾಗಲ್ಲ. ಬೋಳೋ ಪಾಲೋ ಅನ್ನೋದು ನಾನು ಬರೆಯೋದು. ಪಾಲು ಅಂತ ಬರದ್ರೆ ತಪ್ಪು ಅಂಟಿನ ಮೇಲೆ ಓಯ್ತದೆ. ಅಂಟು ಕಳ್ಸೋರು ಪುಣೇಲವ್ರೆ. ಅವ್ರು ಬಂದು ಇಲ್ಲಿ ನೋಡೋ ಒತ್ಗೆ ದೀಪಾವಳಿ ಆಯ್ತದೆ."

"ಪಟ್ಟಿ ತೋರ್ಸು ಅಂದ್ರೆ?"

"ಉಪ್ಪುಕಾಗದ ತಕಂಡು ಎರಡು ಸಲ ತೀಡ್ಬುಟ್ರೆ ಬೋಳು ಯಾವುದು ಪಾಲು ಯಾವುದು ಅವ್ರಪ್ಪನಿಗೂ ಗೊತ್ತಾಗಲ್ಲ."

ಸುನಂದಮ್ಮ ಅವನ ಮುಖ ನೋಡಿದಳು. ಇಪ್ಪತ್ತು ವರ್ಷದಲ್ಲಿ ಒಂದು ಅಂಕಿಯನ್ನೂ ತಿದ್ದಿದವನಲ್ಲ ಅವನು. ಈ ಮಾತನ್ನು ಬೆಳಿಗ್ಗೆಯಿಂದ ಬಾಯಲ್ಲಿಟ್ಟುಕೊಂಡು ಓಡಾಡಿದ್ದಾನೆ ಅನ್ನುವುದು ಮುಖದಲ್ಲೇ ಕಾಣುತ್ತಿತ್ತು.

"ಬ್ಯಾಡ ಕಣಪ್ಪ."

"ಯಾಕೆ, ಪಾಪ ಬತ್ತದಾ?"

"ಪಾಪ ಬರ್ಲಿ ಬುಡು, ಅದ್ಕೇನು. ಸುಳ್ಳು ಏಳಿದ್ರೆ ಅದನ್ನ ದಿನಾ ನೆಪ್ಪಿಟ್ಕಬೇಕು. ನಂಗೆ ಅಷ್ಟು ತಾಕತ್ತಿಲ್ಲ ಈಗ." ಅವಳು ಉಪ್ಪಿನಕಾಯಿಯ ಚೂರನ್ನು ಅವನ ಡಬ್ಬಿಗೆ ಹಾಕಿದಳು. "ಆಮೇಕೆ ಆ ಬಾಗಿಲಲ್ಲಿ ಜನ ಓಡಾಡ್ತಾರೆ. ಪಟ್ಟಿ ಬುಟ್ಕಂಡು ಯಾವ ಮಗೀನ ಕೈಗೋ ಬಡುದ್ರೆ?"

"ನೀನು ಲಿಫ್ಟು ಹತ್ತಿದ್ದೀಯಾ?"

"ಒಂದು ಸಲ, ಮೈಸೂರಲ್ಲಿ, ಪವಿತ್ರನ್ನ ಹೆರಿಗೆಗೆ ಸೇರ್ಸಿದ್ದಾಗ. ಬಾಗಿಲು ಮುಚ್ಕಂಡ ತಕ್ಷಣ ಅದರ ಬೆನ್ನು ಯಾರು ಒರೆಸಿದ್ರೋ ಅಂತ ಯೋಚ್ನೆ ಬಂತು. ಆಮೇಕೆ ಮೆಟ್ಲು ಹತ್ಕಂಡೇ ಓಡಾಡ್ದೆ."

ಗುರುಸ್ವಾಮಿ ತುತ್ತು ನೆತ್ತಿಗೇರುವಷ್ಟು ನಕ್ಕ. ಅವಳೂ ಸ್ವಲ್ಪ ನಕ್ಕಳು. ನಕ್ಕ ಮೇಲೆ ಆಯಾಸ ಇನ್ನೂ ಜಾಸ್ತಿಯಾದಂತೆ ಅನ್ನಿಸಿತು.

ಶುಕ್ರವಾರ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಜಡಿಮಳೆ ಬೇರೆ. ಹತ್ತು ಗಂಟೆಯ ಹೊತ್ತಿಗೆ ತಗಡು ಉಜ್ಜುತ್ತ ಉಜ್ಜುತ್ತ ಸುನಂದಮ್ಮನ ಕಣ್ಣು ಎಳೆದುಕೊಂಡು ಹೋದವು, ಗದ್ದ ಎದೆಗೆ ತಾಗಿತು, ಬೆಚ್ಚಿ ಎದ್ದಳು. ನೇರ ಹಿಂದಿನ ನಲ್ಲಿಗೆ ಹೋಗಿ ನಾಲ್ಕು ಬೊಗಸೆ ತಣ್ಣೀರು ಮುಖಕ್ಕೆ ಎರಚಿಕೊಂಡಳು. ಒರೆಸಿಕೊಳ್ಳಲು ಸೆರಗು ತೆಗೆದರೆ ಅದು ಮಳೆಯಲ್ಲಿ ಒದ್ದೆ. ಹೆಗಲ ಮೇಲೆ ಮೇಜಿನ ಬಟ್ಟೆಯಿತ್ತು. ತಗಡು ಒರೆಸುವ ಬಟ್ಟೆಯನ್ನು ಅವಳು ಬೇರೆ ಯಾವುದಕ್ಕೂ ಮುಟ್ಟಿದವಳಲ್ಲ. ಇವತ್ತು ಅದನ್ನೇ ಮುಖಕ್ಕೆ ಒತ್ತಿಕೊಂಡಳು.

ಮುಖ ಒಣಗಲಿಲ್ಲ.

ಮತ್ತೆ ಒತ್ತಿಕೊಂಡಳು. ನೀರು ಬಟ್ಟೆಯ ಮೇಲೆ ಜಾರಿ ಕತ್ತಿಗೆ ಇಳಿಯಿತು. ಹತ್ತಿ ಬಟ್ಟೆ, ಅವಳೇ ಎಷ್ಟೋ ಸಲ ಒಗೆದು ಒಣಗಿಸಿದ ಬಟ್ಟೆ, ಒಂದು ಹನಿ ಚೆಲ್ಲಿದರೆ ಬಾಯಾರಿದವರ ಹಾಗೆ ಕುಡಿಯುತ್ತಿದ್ದದ್ದು, ಈಗ ಕೆಸುವಿನ ಎಲೆಯ ಹಾಗೆ ನೀರನ್ನು ಆಚೆ ತಳ್ಳುತ್ತಿತ್ತು. ನಲ್ಲಿ ತಿರುಗಿಸಿ ಅದರ ಮೇಲೆ ಒಂದು ಹನಿ ಬಿಟ್ಟಳು. ಹನಿ ಗುಂಡಗೆ ಕೂತಿತು. ಬಟ್ಟೆಯನ್ನು ಕೆನ್ನೆಗೆ ತಾಗಿಸಿದಳು. ಮೆತ್ತಗಿತ್ತು, ಹಸುಗೂಸಿನ ಕುಲಾವಿಯಷ್ಟು ಮೆತ್ತಗೆ. ಮೂಗಿನ ಹತ್ತಿರ ತಂದಳು. ದಿನವಿಡೀ ಸ್ಪಿರಿಟ್ಟು ಕುಡಿದ ಮೂಗು ಅವಳದು, ಆದರೂ ಹತ್ತಿರ ಹಿಡಿದಾಗ ಗೊತ್ತಾಯಿತು. ಯಾವುದೋ ಹೂವು. ಮಲ್ಲಿಗೆಯೂ ಅಲ್ಲ, ಜಾಜಿಯೂ ಅಲ್ಲ, ಅಂಗಡಿಯಲ್ಲಿ ಮಾತ್ರ ಅರಳುವ ಹೂವು.

ಈ ಬಟ್ಟೆಗಳ ಕಥೆ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಇವುಗಳನ್ನು ಕ್ಯಾಂಟೀನಿನವರು ತಟ್ಟೆ ಒರೆಸುವ ಬಟ್ಟೆಗಳ ಜೊತೆಗೇ ಒಗೆದು ಕೊಡುತ್ತಿದ್ದರು, ಸೋಪು ಸರಿಯಾಗಿ ಹೋಗುತ್ತಿರಲಿಲ್ಲ. ಸುನಂದಮ್ಮನಿಗೆ ಅದು ಸರಿಬರಲಿಲ್ಲ. ಮನೆಗೆ ಒಯ್ದು ಅಂಟವಾಳದ ಕಾಯಿ ನೆನೆಸಿದ ನೀರಿನಲ್ಲಿ ಕುಕ್ಕಿ, ಮೂರು ನೀರು ಜಾಲಿಸಿ, ಬಿಸಿಲಿಗೆ ಹರವಿ ತರತೊಡಗಿದಳು. ಯಾರೂ ಮಾಡೆಂದು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಮಹೇಂದ್ರ ಬಂದ ಮೇಲೆ ಎಲ್ಲದಕ್ಕೂ ಒಂದೊಂದು ಕಾಗದ ಬಂತು. ಒರೆಸುವ ಬಟ್ಟೆ ಕಾರ್ಖಾನೆಯ ಹೊರಗೆ ಹೋಗಬಾರದು ಅಂತ ಅದರಲ್ಲಿತ್ತು. ಅವಳು ಓದಿ ಸಹಿ ಹಾಕಿದ್ದಳು. ಇದು ತನಗೆ ಹೇಳಿದ್ದಲ್ಲ, ಗಲೀಜು ಮಾಡುವವರಿಗೆ ಹೇಳಿದ್ದು ಅಂದುಕೊಂಡಿದ್ದಳು.

ಈ ಸಲ ಸೊಪ್ಪಿನ ಕೆಲಸ ಶುರುವಾದ ಮೇಲೆ ಬಟ್ಟೆ ಕುಕ್ಕಲು ಕೈಯಲ್ಲಿ ಆಗಲಿಲ್ಲ. "ಕೊಡಿ ಅತ್ತೆ, ನಾನು ಒಗೀತೀನಿ" ಅಂದಿದ್ದಳು ಪವಿತ್ರ. ಕೊಟ್ಟಿದ್ದಳು.

ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಕೂತು ಸುನಂದಮ್ಮ ಮನೆಗೆ ಫೋನು ಮಾಡಿದಳು.

"ಏನತ್ತೆ, ಊಟ ಆಯ್ತಾ?"

"ಇನ್ನೂ ಹತ್ತು ಗಂಟೆ ಕಣೇ. ಸುಮ್ನೆ ಮಾಡ್ದೆ. ಸೊಪ್ಪು ಎಷ್ಟಾಯ್ತು?"

"ಅರವತ್ತು ಕಡ್ಡಿ ಆಯ್ತು. ಮಾವ ಮಲ್ಗವ್ರೆ, ಬಲವಂತ ಮಾಡಿ ಮಲಗಿಸ್ದೆ."

"ಒಳ್ಳೇದು ಮಾಡ್ದೆ. ಪವಿ, ನನ್ನ ಫ್ಯಾಕ್ಟರಿ ಬಟ್ಟೆ ಮೆತ್ತಗೆ ಬತ್ತಾ ಅವೆ, ಏನು ಹಾಕ್ತೀಯಾ?"

ಆ ಕಡೆ ಪವಿತ್ರಳ ದನಿ ಅರಳಿತು. "ಗೊತ್ತಾಯ್ತಾ? ನೀವು ಹೇಳ್ತೀರಾ ಅಂತ ಕಾಯ್ತಾ ಇದ್ದೆ. ಮೆಷೀನಿಗೆ ಹಾಕಿ ಕೊನೇಲಿ ಬಟ್ಟೆ ಮೆತ್ತಗಾಗೋ ನೀರು ಬುಡ್ತೀನಿ, ನೀಲಿ ಬಾಟ್ಲಿದು. ಮಗೀನ ಬಟ್ಟೆಗೆ ಅಂತ ತಂದಿದ್ದು. ನಿಮ್ಮ ಕೈ ಎಲ್ಲ ಒಡೆದೋಗವೆ, ಆ ಬಟ್ಟೆ ಬೇರೆ ಗೋಣಿ ಇದ್ದಂಗೆ ಇದ್ವು. ದಿನವೆಲ್ಲ ಅದನ್ನ ಹಿಡ್ಕಬೇಕಲ್ಲ ನೀವು. ಆಮೇಲೆ..." ದನಿ ತಗ್ಗಿಸಿದಳು. "ಮನೇಲಿರೋ ಬಟ್ಟೆಯೆಲ್ಲ ಬ್ಯಾರನ್ ವಾಸ್ನೆ ಹೊಡೀತವೆ ಅತ್ತೆ. ಅಲ್ಲಿ ಆಫೀಸಿನೋರ ಮುಂದೆ ನಿಮ್ಮನ್ನ ಯಾರೂ ಏನೂ ಅನ್ಬಾರ್ದು ಅಂತ ಎರಡು ಮುಚ್ಚಳ ಜಾಸ್ತಿ ಹಾಕ್ತೀನಿ."

ಸುನಂದಮ್ಮ ಬಟ್ಟೆಯನ್ನು ತೊಡೆಯ ಮೇಲೆ ಹರವಿ, ಅಂಗೈಯಲ್ಲಿ ಸವರಿ, ಮಡಿಸಿದಳು.

"ಯಾಕತ್ತೆ, ಏನಾರ ಆಯ್ತಾ?"

"ಏನೂ ಇಲ್ಲ ಕಣವ್ವ. ಚೆನ್ನಾಗವೆ ಅಂತ ಹೇಳೋಕೆ ಮಾಡ್ದೆ."

ಆಮೇಲೆ ಅವಳು ಮಾಡಿದ ಕೆಲಸ ಒಂದೊಂದೂ ಗುರುಸ್ವಾಮಿಗೆ ಬಹಳ ದಿನ ನೆನಪಿತ್ತು. ಸ್ಟೋರಿನಿಂದ ಹೊಸ ಹತ್ತಿ ಬಟ್ಟೆಯ ಥಾನು ಬಿಚ್ಚಿಸಿ, ಒಂದು ಗಜ ಹರಿದುಕೊಂಡು, ನಲ್ಲಿಯ ನೀರಿನಲ್ಲೇ ಏಳೆಂಟು ಸಲ ಕುಕ್ಕಿ ಗಂಜಿ ತೆಗೆದು, ಒಲೆಯ ಬಾಗಿಲಿಗೆ ಹಾಕಿ ಒಣಗಿಸಿದಳು. ಒಂದೇ ತಗಡಿನಿಂದ ಇಪ್ಪತ್ತು ತುಂಡು ಕತ್ತರಿಸಿ, ಇಪ್ಪತ್ತನ್ನೂ ಒಂದೇ ಸಮ ಉಜ್ಜಿ, ಒಂದೇ ಸ್ಪಿರಿಟ್ಟಿನಲ್ಲಿ ತೊಳೆದಳು. ಹತ್ತನ್ನು ಹೊಸ ಬಟ್ಟೆಯಲ್ಲಿ ಒರೆಸಿದಳು. ಹತ್ತನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ತುದಿಗೆ ಮೊಳೆಯಿಂದ ಗೀರು ಹಾಕಿದಳು. ಯಾವುದಕ್ಕೆ ಏನು ಅಂತ ಗುರುಸ್ವಾಮಿಗೆ ಹೇಳಲಿಲ್ಲ.

"ಏನಕ್ಕ ಇದು, ಪಂದ್ಯ ಕಟ್ಟಿದ್ದೀಯಾ?"

"ಎಳೆ ನೀನು. ಸುಮ್ನೆ ಎಳೆ."

ಶನಿವಾರ ಬೆಳಿಗ್ಗೆ ಒಲೆಯಿಂದ ತೆಗೆದ ಹತ್ತು ಜೋಡಿಯನ್ನು ಗುರುಸ್ವಾಮಿ ಒಂದೊಂದಾಗಿ ಮೆಷೀನಿಗೆ ಕಚ್ಚಿಸಿದ. ಮಹೇಂದ್ರನೂ ಬಂದು ಕೈಕಟ್ಟಿ ನಿಂತ. ಸುನಂದಮ್ಮ ಮಾತ್ರ ಆ ಕಡೆ ನೋಡಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು, ಕಿವಿಯಲ್ಲೇ ಕೇಳುತ್ತಿದ್ದಳು. ಟಿಕ್. ಟಿಕ್. ಆಮೇಲೆ ಸೌದೆ ಮುರಿದ ಸದ್ದು. ಮತ್ತೆ ಸೌದೆ. ಟಿಕ್. ಎಲ್ಲ ಮುಗಿದ ಮೇಲೆ ಗುರುಸ್ವಾಮಿ ತುಂಡುಗಳನ್ನು ಮೇಜಿನ ಮೇಲೆ ಎರಡು ಸಾಲಾಗಿ ಜೋಡಿಸಿದ.

"ಗೀರು ಇರೋವು ಐದಕ್ಕೆ ಐದೂ ಬೋಳು. ಗೀರು ಇಲ್ದೇ ಇರೋವು ಐದಕ್ಕೆ ಐದೂ ಪಾಲು. ಹದಿನೆಂಟು, ಹತ್ತೊಂಬತ್ತು, ಒಂದು ಇಪ್ಪತ್ತೂ ಬಂದದೆ." ಅವನಿಗೆ ಮಾತು ವಾಪಸು ಬಂದಿತ್ತು. "ಏನು ಮಾಡ್ದೆ ಅಕ್ಕ, ಗೀರಲ್ಲಿ ಮಾಟ ಗೀಟ ಮಾಡಿದ್ಯಾ?"

ಮಹೇಂದ್ರ ಪಾಲು ಬಂದ ಒಂದು ತುಂಡನ್ನು ಎತ್ತಿ, ಎರಡೂ ಕಡೆ ಒರಟಾಗಿ ಉಳಿದಿದ್ದ ಬೂದು ಅಂಟನ್ನು ಉಗುರಿನಿಂದ ಕೆರೆದು ನೋಡಿದ. ಅದು ಕದಲಲಿಲ್ಲ.

"ಏನು ವ್ಯತ್ಯಾಸ ಅಮ್ಮ ಎರಡಕ್ಕೂ?"

"ಬಟ್ಟೆ ಸಾರ್. ಗೀರು ಇರೋವು ಮನೇಲಿ ಒಗೆದಿದ್ದ ಬಟ್ಟೇಲಿ ಒರೆಸಿದ್ದು. ಮೆತ್ತಗಾಗೋ ನೀರು ಹಾಕಿದ್ದ ಬಟ್ಟೆ. ಅದರ ಜಿಡ್ಡು ತಗಡಿಗೆ ಹತ್ಕತದೆ. ಜಾಸ್ತಿ ಒರೆಸಿದಷ್ಟೂ ಜಾಸ್ತಿ ಹತ್ಕತದೆ."

"ಮನೇಲಿ?"

"ಹೂಂ."

"ಹೊರಗೆ ಹೋಗಬಾರದು ಅಂತ ಕಾಗದ ಇದೆ. ನಿಮ್ಮ ಸಹಿ ಇದೆ."

"ಅದೆ ಸಾರ್."

ಮಹೇಂದ್ರ ಮೇಜಿನಂಚಿಗೆ ಕೂತ. ಅವನ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. ಎರಡು ವಾರದಿಂದ ಅವನಿಗೂ ದಿನಾ ಮೇಲಿನವರಿಂದ ಫೋನು. ರಿಜಿಸ್ಟರು ಎಳೆದುಕೊಂಡು ಕಾರಣ ಅನ್ನುವ ಕಾಲಮ್ಮಿನ ಮೇಲೆ ಪೆನ್ನು ಇಟ್ಟ. "ಇದು ಬಾಗಿಲು ಕೊಳ್ಳುವವರ ಹತ್ತಿರ ಹೋಗುತ್ತೆ. ಅವರು ಎಲ್ಲ ಕೇಳ್ತಾರೆ. ಮೆತ್ತಗಾಗೋ ನೀರು ಯಾರು ಹಾಕಿದ್ದು?"

ಗುರುಸ್ವಾಮಿ ಸುನಂದಮ್ಮನ ಕಡೆ ನೋಡಿದ. ಅವಳ ಒಡೆದ ಅಂಗೈ, ಅವಳ ಮನೆಯ ಕೆಲಸ, ಮನೆಯಲ್ಲಿ ಯಾರ್ಯಾರಿದ್ದಾರೆ, ಎಲ್ಲ ಅವನಿಗೆ ಗೊತ್ತು. ಅವಳೇ ಹಾಕಿರಲಾರಳು ಅನ್ನುವುದೂ ಗೊತ್ತು.

"ನಾನೇ," ಅಂದಳು ಸುನಂದಮ್ಮ.

"ಹದಿನಾಲ್ಕು ವರ್ಷದ ಅನುಭವ ಇರೋರು ನೀವು, ಇದು ಗೊತ್ತಾಗಲಿಲ್ವಾ?"

"ಗೊತ್ತಾಗ್ಬೇಕಿತ್ತು. ಕೈಗೆ ಗೊತ್ತಾಗ್ಬೇಕಿತ್ತು. ಸುಸ್ತಾಗಿತ್ತು ಸಾರ್, ನೋಡ್ಲಿಲ್ಲ." ಇದರಲ್ಲಿ ಸುಳ್ಳೇನೂ ಇರಲಿಲ್ಲ, ಅವಳು ಅದನ್ನು ನೆಲ ನೋಡದೆ ಹೇಳಿದಳು.

ಮಹೇಂದ್ರ ಬರೆದ. ಬರೆಯುತ್ತ ಬರೆಯುತ್ತಲೇ ಹೇಳಿದ. ಒಂದು ಮೆಮೊ ಕೊಡಲೇಬೇಕು, ಅದು ಫೈಲಿನಲ್ಲಿರುತ್ತದೆ. ಇನ್ನು ಮೇಲೆ ಒರೆಸಲು ಬಟ್ಟೆ ಇಲ್ಲ, ಒಂದು ಸಲ ಬಳಸಿ ಎಸೆಯುವ ಕಾಗದದ ಪೊಟ್ಟಣ ಬರುತ್ತದೆ. ಪ್ರತಿ ಸರದಿಗೂ ಅವಳು ಒರೆಸಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ತಗಡು ಮೈಸೂರಿಗೆ ಕಳಿಸುವ ಮಾತು ಸದ್ಯಕ್ಕೆ ಇಲ್ಲ.

"ಮೂರು ತಿಂಗಳು ನೋಡೋಣ," ಅಂದ.

"ಆಯ್ತು ಸಾರ್."

ಮೇಜು ಉಳಿಯಿತು. ಹದಿನಾಲ್ಕು ವರ್ಷ ಯಾರ ಸಹಿಯೂ ಬೇಡದೆ ಒರೆಸಿದವಳು ಇನ್ನು ಒರೆಸಿದ ಮೇಲೆ ಒಬ್ಬರನ್ನು ಕೂಗಿ ಕರೆದು ತೋರಿಸಬೇಕು. ಹೊರಗೆ ಬಂದಾಗ ಗುರುಸ್ವಾಮಿ ಜೊತೆಗೇ ಬಂದ.

"ಸೊಸೆ ತಾನೇ?"

"ಸುಮ್ನಿರು."

"ಯಾರಿಗೂ ಏಳಲ್ಲ ಕಣಕ್ಕ. ಮೊನ್ನೆ ನಂಗೆ ಸುಳ್ಳು ಬರೀಬ್ಯಾಡ ಅಂದೆ. ಇವತ್ತು ನೀನೇ ಒಂದು ಬರೆಸ್ದೆ. ಇದನ್ನ ನೆಪ್ಪಿಟ್ಕಬೇಕಾಗಲ್ವಾ?"

"ಇಷ್ಟು ಸಣ್ಣದಾದ್ರೆ ಇಟ್ಕತೀನಿ ಬುಡು. ಆ ಹುಡುಗಿ ನಮ್ಮನೆ ಸೇರ್ದಾಗ ನಂಗೊಂದು ಸೀರೆ ಕೊಟ್ಟಿತ್ತು, ಅದರ ಬಣ್ಣ ನಂಗೆ ಇಷ್ಟ ಅಂತ ಇವತ್ಗೂ ಹೇಳ್ತಾ ಇಲ್ವಾ."

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಿದ್ದೆ ಬರಲಿಲ್ಲ. ಮನೆಗೆ ಬಂದಾಗ ಪವಿತ್ರ ಜಗಲಿಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದಳು. ಅತ್ತೆಯನ್ನು ಕಂಡು ಕೈ ಚಾಚಿದಳು.

"ಬಟ್ಟೆ ಕೊಡಿ, ನಾಳೆ ಭಾನುವಾರ, ಬೆಳಿಗ್ಗೇನೆ ಹಾಕ್ಬುಡ್ತೀನಿ."

"ಇನ್ಮೇಲೆ ಬಟ್ಟೆ ಇಲ್ಲ ಕಣವ್ವ. ಕಾಗದ ಬತ್ತದೆ. ಒರೆಸೋದು, ಬಿಸಾಕೋದು."

"ಸದ್ಯ," ಅಂದಳು ಪವಿತ್ರ. ಅವಳ ಮುಖದಲ್ಲಿ ನಿಜವಾದ ಸಮಾಧಾನವಿತ್ತು. "ನಿಮಗೆ ಒಂದು ಕೆಲ್ಸ ಕಮ್ಮಿ ಆಯ್ತು."

"ನಿಂಗೂ ಆಯ್ತಲ್ಲ."

"ನಂದೇನು ಬುಡಿ ಅತ್ತೆ. ಆದ್ರೂ ಆ ಬಟ್ಟೆ ಈಗ ತಾನೇ ಮೆತ್ತಗೆ ಆಗ್ತಾ ಇದ್ವು."

ಸುನಂದಮ್ಮ ಚಪ್ಪಲಿ ಬಿಟ್ಟು, ಅವಳ ಪಕ್ಕದಲ್ಲೇ ಗೋಡೆಗೆ ಬೆನ್ನು ಕೊಟ್ಟು ಕೂತಳು. ಕಾಲು ಚಾಚಿಕೊಂಡಳು.

"ಹೂಂ ಕಣೇ," ಅಂದಳು. "ಬಾಳ ಮೆತ್ತಗಾಗಿದ್ವು."